ಮರುಭೂಮಿಯಲ್ಲಿ ಮಳೆ ಬಂದರೆ: ಯುಎಇ, ಒಮಾನ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಕರಾವಳಿ, ಮಲೆನಾಡಿನಿಂದ ಬಂದವರಿಗೆ ಇಲ್ಲಿನ ಮಳೆ ಎಚ್ಚರಿಕೆ ಮೊಬೈಲಿಗೆ ಬಂದಾಗ ನಗು ಬರುವುದು ಸಹಜ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುತ್ತದೆ, ಆಗುಂಬೆಯಲ್ಲಿ ಅದರ ಎರಡರಷ್ಟು. ದುಬೈಗೆ ಇಡೀ ವರ್ಷಕ್ಕೆ ಬೀಳುವುದು ನೂರು ಮಿಲಿಮೀಟರ್‌ಗೂ ಕಡಿಮೆ. ‘ಇದೊಂದು ಮಳೆಯಾ?’ ಅನ್ನಿಸುತ್ತದೆ. ಇಲ್ಲಿ ಅಪಾಯಕ್ಕೆ ಸಿಲುಕುವವರಲ್ಲಿ ಮಳೆ ಕಾಣದವರಷ್ಟೇ ಮಳೆ ಚೆನ್ನಾಗಿ ಬಲ್ಲೆವು ಅಂದುಕೊಂಡವರೂ ಇರುತ್ತಾರೆ. ಊರಿನಲ್ಲಿ ಕಲಿತ ಲೆಕ್ಕ ಇಲ್ಲಿ ನಡೆಯುವುದಿಲ್ಲ.

2024ರ ಏಪ್ರಿಲ್ 16ರಂದು ಯುಎಇಯ ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೂ ತುಂಬದ ಅವಧಿಯಲ್ಲಿ 254.8 ಮಿ.ಮೀ. ಮಳೆ ಬಿತ್ತು. 1949ರಲ್ಲಿ ದಾಖಲೆ ಶುರುವಾದಾಗಿನಿಂದ ದೇಶದಲ್ಲಿ ಅಷ್ಟು ಬಿದ್ದದ್ದಿಲ್ಲ ಎಂದು ಅಲ್ಲಿನ ಹವಾಮಾನ ಕೇಂದ್ರ ಹೇಳಿದೆ. ದುಬೈ ವಿಮಾನ ನಿಲ್ದಾಣದಲ್ಲಿ ಸುಮಾರು 142 ಮಿ.ಮೀ., ಅಂದರೆ ಒಂದೂವರೆ ವರ್ಷದ ಮಳೆ ಒಂದೇ ದಿನಕ್ಕೆ. ಎರಡು ದಿನದಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ವಿಮಾನ ರದ್ದಾದವು. ನಾಲ್ಕು ಮೆಟ್ರೋ ನಿಲ್ದಾಣಗಳು ವಾರಗಟ್ಟಲೆ ಮುಚ್ಚಿದ್ದವು. ಅದಕ್ಕೆ ಎರಡು ದಿನ ಮೊದಲು ಒಮಾನ್‌ನ ಸಮದ್ ಅಲ್ ಶಾನ್‌ನಲ್ಲಿ ಶಾಲಾ ಮಕ್ಕಳಿದ್ದ ವಾಹನ ಕೊಚ್ಚಿಹೋಗಿ ಹಲವು ಮಕ್ಕಳು ಸತ್ತರು. ಮೋಡ ಬಿತ್ತನೆಯಿಂದಲೇ ಹೀಗಾಯಿತು ಎಂಬ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ಆ ಮಳೆಯ ಹೊತ್ತಿನಲ್ಲಿ ಬಿತ್ತನೆ ವಿಮಾನ ಹಾರಿಸಿಲ್ಲ ಎಂದು ಯುಎಇ ಹವಾಮಾನ ಕೇಂದ್ರ ಹೇಳಿದೆ. ಅರಬ್ಬಿ ಸಮುದ್ರದಿಂದ ಬಂದ ತೇವ ಹೊತ್ತ ದೊಡ್ಡ ಗುಡುಗು ಮೋಡಗಳ ಗುಂಪು ನಿಧಾನವಾಗಿ ಸಾಗಿದ್ದೇ ಸಾಕಾಗಿತ್ತು.

ನೀರು ಯಾಕೆ ಇಂಗುವುದಿಲ್ಲ

ಮರಳು ನೀರು ಕುಡಿಯುತ್ತದಲ್ಲ ಎಂದು ಕೇಳುತ್ತೀರಿ. ಮರಳ ದಿಬ್ಬ ಕುಡಿಯುತ್ತದೆ, ಬೇಗನೇ ಕುಡಿಯುತ್ತದೆ. ಆದರೆ ಜನ ಇರುವುದು ದಿಬ್ಬದ ಮೇಲಲ್ಲ. ಯುಎಇ, ಒಮಾನ್‌ನಲ್ಲಿ ಹಬ್ಬಿರುವ ಹಜರ್ ಬೆಟ್ಟಗಳು ಬೋಳು ಬಂಡೆ. ಮಣ್ಣೂ ಇಲ್ಲ, ಬೇರೂ ಇಲ್ಲ. ಬೆಟ್ಟದ ಬುಡದ ಜಲ್ಲಿ ಬಯಲಲ್ಲಿ ಸುಣ್ಣ, ಜಿಪ್ಸಂ ಕೂಡಿಕೊಂಡು ಮಣ್ಣಿನ ಪದರ ಗಟ್ಟಿಯಾಗಿರುತ್ತದೆ. ಸಗಣಿ ಸಾರಿಸಿ ಒಣಗಿದ ಅಂಗಳಕ್ಕೆ ಒಂದು ಕೊಡ ನೀರು ಒಮ್ಮೆಲೇ ಸುರಿದರೆ ಅದು ಹೇಗೆ ಮೇಲಿಂದಲೇ ಹರಿದು ಮೂಲೆ ಸೇರುತ್ತದೋ ಹಾಗೆ. ಸಮುದ್ರದ ಬದಿಯ ಉಪ್ಪು ಬಯಲಲ್ಲಿ ಬೇರೆ ತೊಂದರೆ: ಅಂತರ್ಜಲ ಮೇಲ್ಮೈಯಿಂದ ಬಹಳ ಕೆಳಗಿರುವುದಿಲ್ಲ, ಸ್ವಲ್ಪ ಮಳೆಗೇ ಭೂಮಿ ತುಂಬಿಬಿಡುತ್ತದೆ. ಊರಲ್ಲಿ ಜೂನ್ ಮೊದಲ ಮಳೆಗೆ ನೆಲ ನೆನೆದು, ತೋಡುಗಳು ತೆರೆದುಕೊಂಡು, ಮೆಲ್ಲಗೆ ಸಜ್ಜಾಗುತ್ತದಲ್ಲ, ಆ ವ್ಯವಧಾನ ಇಲ್ಲಿ ಇರುವುದಿಲ್ಲ.

ನಗರದ ಲೆಕ್ಕ ಇನ್ನೂ ಸರಳ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ಒಂದು ಚದರ ಕಿಲೋಮೀಟರ್ ಡಾಂಬರು, ಸಿಮೆಂಟಿನ ಮೇಲೆ 140 ಮಿ.ಮೀ. ಬಿದ್ದರೆ 14 ಕೋಟಿ ಲೀಟರ್. ಇಲ್ಲಿನ ಐದು ಸಾವಿರ ಗ್ಯಾಲನ್ ಟ್ಯಾಂಕರ್ ಹಿಡಿಯುವುದು ಸುಮಾರು 22,700 ಲೀಟರ್. ಆರು ಸಾವಿರಕ್ಕೂ ಹೆಚ್ಚು ಟ್ಯಾಂಕರ್ ಬೇಕು, ಅದೂ ಒಂದೇ ಚದರ ಕಿಲೋಮೀಟರಿಗೆ. ವರ್ಷಕ್ಕೆ ಕೆಲವೇ ದಿನ ಮಳೆ ಬೀಳುವ ಊರಿನಲ್ಲಿ ಹಳೆಯ ಬಡಾವಣೆಗಳಿಗೆ ದೊಡ್ಡ ಚರಂಡಿ ಕಟ್ಟಿರಲಿಲ್ಲ; ಇರುವ ಚರಂಡಿಯ ಬಾಯಿಗೂ ತಿಂಗಳುಗಟ್ಟಲೆ ಧೂಳು, ಮರಳು ಕೂತಿರುತ್ತದೆ. ಶಾರ್ಜಾದ ತಗ್ಗು ಪ್ರದೇಶಗಳಲ್ಲಿ 2024ರ ನೀರು ಇಳಿಯಲು ದಿನಗಟ್ಟಲೆ ಹಿಡಿದದ್ದು ಇದಕ್ಕೇ. ದುಬೈ ಆಮೇಲೆ 3,000 ಕೋಟಿ ದಿರ್ಹಮ್‌ನ ಮಳೆನೀರು ಯೋಜನೆ ಘೋಷಿಸಿದೆ, ಮುಗಿಯುವುದು 2033ಕ್ಕೆ. ಹಾಗಾಗಿ ಮನೆ ಹುಡುಕುವಾಗ ಬಾಡಿಗೆ, ಮೆಟ್ರೋ ದೂರ ಕೇಳುವ ಜೊತೆಗೆ ‘ಏಪ್ರಿಲ್ 2024ರಲ್ಲಿ ಈ ಬೀದಿಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು?’ ಎಂದು ಕಟ್ಟಡದ ವಾಚ್‌ಮನ್‌ನ್ನು ಕೇಳಿ. ಏಜೆಂಟ್ ಹೇಳುವುದಿಲ್ಲ, ವಾಚ್‌ಮನ್ ಹೇಳುತ್ತಾನೆ.

ವಾದಿ

ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಒಣಗಿ ಬಿದ್ದ ಹಳ್ಳಕ್ಕೆ ಮೇಲಿನ ಊರಿನ ಮಳೆ ಇದ್ದಕ್ಕಿದ್ದಂತೆ ಇಳಿದು ಬರುವುದನ್ನು ಉತ್ತರ ಕರ್ನಾಟಕದವರು ನೋಡಿಯೇ ಇರುತ್ತಾರೆ. ವಾದಿ ಅಂದರೆ ಅದೇ, ಇನ್ನೂ ಕಡಿದಾದ ಬಂಡೆಯ ನಡುವೆ. ನಿಮ್ಮ ತಲೆಯ ಮೇಲೆ ಬಿಸಿಲಿರಬಹುದು. ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ ಬೆಟ್ಟದ ಮೇಲೆ ಸುರಿದದ್ದು, ಅಷ್ಟೂ ಬಂಡೆಯ ನೀರು ಒಂದೇ ಕಣಿವೆಗೆ ಸೇರಿ, ಕಲ್ಲು, ಕೊಂಬೆ, ಮಣ್ಣನ್ನು ಮುಂದೆ ತಳ್ಳಿಕೊಂಡು ಬರುತ್ತದೆ. ಮೊದಲ ಅಲೆಯೇ ಹೆಚ್ಚು ಅಪಾಯ. ಬೇಸಗೆಯಲ್ಲೂ ಮಧ್ಯಾಹ್ನದ ಮೇಲೆ ಹಜರ್ ಬೆಟ್ಟದಲ್ಲಿ ಗುಡುಗು ಮಳೆ ಕಟ್ಟುವುದುಂಟು. 2022ರ ಜುಲೈನಲ್ಲಿ ಫುಜೈರಾ ಮುಳುಗಿ ಏಳು ಜನ ಸತ್ತದ್ದು ಬೇಸಗೆಯಲ್ಲೇ.

ಹತ್ತಾ, ವಾದಿ ಶೌಕಾ, ಒಮಾನ್‌ನ ವಾದಿ ಶಾಬ್, ವಾದಿ ಬನಿ ಖಾಲಿದ್ ನೋಡಲು ಹೋಗುವವರು ಹಿಂದಿನ ರಾತ್ರಿ ಮತ್ತು ಹೊರಡುವ ಮೊದಲು ಬೆಟ್ಟದ ಮೇಲಿನ ಹವಾಮಾನ ನೋಡಬೇಕು, ಹೋಗುವ ಜಾಗದ್ದು ಮಾತ್ರ ನೋಡಿದರೆ ಸಾಲದು. ಟೆಂಟ್ ಹಾಕಲು ಸಮತಟ್ಟಾಗಿ, ನುಣುಪು ಜಲ್ಲಿಯಿಂದ ಚೆಂದ ಕಾಣುವ ಜಾಗ ಸಿಕ್ಕರೆ, ಅದನ್ನು ಸಮತಟ್ಟು ಮಾಡಿದ್ದೇ ಪ್ರವಾಹ. ಗಾಡಿಯನ್ನೂ ಅಲ್ಲಿ ನಿಲ್ಲಿಸಬೇಡಿ. ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಡ್ಡಿ ಕಸ ತೇಲಿಬಂದರೆ, ಮೇಲಿನಿಂದ ಲಾರಿ ಬರುವಂಥ ಸದ್ದು ಕೇಳಿದರೆ ಚೀಲ, ಚಪ್ಪಲಿ ಬಿಟ್ಟು ಬದಿಯ ಬಂಡೆ ಹತ್ತಬೇಕು. ಕಣಿವೆಯ ಉದ್ದಕ್ಕೆ ಓಡಿದರೆ ನೀರು ನಿಮ್ಮನ್ನು ಹಿಡಿದೇ ಹಿಡಿಯುತ್ತದೆ.

ಇಲ್ಲಿ ಕಾನೂನೂ ಬಿಗಿ. ಯುಎಇಯಲ್ಲಿ ನೀರು ಹರಿಯುವ ವಾದಿಗೆ ಗಾಡಿ ಇಳಿಸಿದರೆ, ನೀರು ಎಷ್ಟೇ ಕಡಿಮೆ ಇರಲಿ, 2,000 ದಿರ್ಹಮ್ ದಂಡ, ಲೈಸೆನ್ಸ್ ಮೇಲೆ 23 ಬ್ಲ್ಯಾಕ್ ಪಾಯಿಂಟ್ (ತಪ್ಪಿನ ಅಂಕ), 60 ದಿನ ಗಾಡಿ ಜಪ್ತಿ. ಮಳೆಯಲ್ಲಿ ವಾದಿ, ಅಣೆಕಟ್ಟಿನ ಹತ್ತಿರ ನೋಡಲು ಗುಂಪುಗೂಡಿದರೂ 1,000 ದಿರ್ಹಮ್ ಮತ್ತು 6 ಪಾಯಿಂಟ್. ಒಮಾನ್‌ನಲ್ಲಿ ವಾದಿ ದಾಟಿದ್ದಕ್ಕೆ ದಂಡದ ಜೊತೆ ಜೈಲೂ ಆಗಬಹುದು. ರೀಲ್ಸ್ ಮಾಡುವವರು ಗಮನಿಸಿ: ವಿಡಿಯೋದಲ್ಲಿ ನಿಮ್ಮ ನಂಬರ್ ಪ್ಲೇಟ್ ಚೆನ್ನಾಗಿಯೇ ಕಾಣುತ್ತದೆ.

ಗಾಡಿ

‘ನಮ್ಮದು ಫೋರ್ ವೀಲ್, ಹೋಗುತ್ತೆ’ ಎಂಬ ಮಾತಿಗೆ ಒಂದು ಲೆಕ್ಕ. ಸಾಮಾನ್ಯ ಕಾರಿನ ತೂಕ ಒಂದೂವರೆ ಟನ್ ಅಂದುಕೊಳ್ಳಿ, ತಳ ಸುಮಾರು ಆರರಿಂದ ಏಳು ಚದರ ಮೀಟರ್. ನೀರು ತಳ ಮುಟ್ಟಿದ ಮೇಲೆ ಏರುವ ಪ್ರತಿ ಹತ್ತು ಸೆಂಟಿಮೀಟರಿಗೆ ಆರೇಳು ನೂರು ಕಿಲೋ ತೂಕವನ್ನು ಅದು ಎತ್ತಿಹಿಡಿಯುತ್ತದೆ. ಇಪ್ಪತ್ತು ಇಪ್ಪತ್ತೈದು ಸೆಂಟಿಮೀಟರ್ ಏರಿದರೆ ಟೈರಿಗೆ ರಸ್ತೆಯ ಹಿಡಿತವೇ ಇರುವುದಿಲ್ಲ. ಹರಿಯುವ ನೀರಾದರೆ ಪೂರ್ತಿ ತೇಲುವ ಮೊದಲೇ ಅಡ್ಡಕ್ಕೆ ಜಾರುತ್ತದೆ. ಅದಕ್ಕೇ ಹರಿಯುವ ನೀರಿಗೆ ಒಂದು ಅಂದಾಜು ಇಟ್ಟುಕೊಳ್ಳುತ್ತಾರೆ: 15 ಸೆಂ.ಮೀ. ಆಳ ನಿಂತ ಮನುಷ್ಯನನ್ನು ಬೀಳಿಸುತ್ತದೆ, 30 ಸೆಂ.ಮೀ. ಸಣ್ಣ ಕಾರನ್ನು ಸರಿಸುತ್ತದೆ, 60 ಸೆಂ.ಮೀ. ದೊಡ್ಡ ಎಸ್‌ಯುವಿಯನ್ನೂ ಒಯ್ಯುತ್ತದೆ.

ನಿಂತ ನೀರಲ್ಲಿ ಬೇರೆ ಕತೆ. ಬಹಳ ಕಾರುಗಳಲ್ಲಿ ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಮುಂದಿನ ಗ್ರಿಲ್ ಹಿಂದೆ, ಹೆಡ್‌ಲೈಟ್ ಎತ್ತರದ ಆಸುಪಾಸಿನಲ್ಲಿರುತ್ತದೆ. ವೇಗವಾಗಿ ನುಗ್ಗಿದರೆ ಮುಂದೆ ಏಳುವ ಅಲೆ ಅಲ್ಲಿಗೆ ತಲುಪುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ಮೇಲೇರುವಾಗ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರಿನಲ್ಲಿ ಆಫ್ ಆದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ನೋಡುವುದೇ ಎಂಜಿನ್ ಕೆಡುವ ದೊಡ್ಡ ಕಾರಣ. ಕೀ ಮುಟ್ಟಬೇಡಿ, ಕೆಟ್ಟ ಗಾಡಿ ಸಾಗಿಸುವ ರಿಕವರಿಯವರಿಗೆ ಫೋನ್ ಮಾಡಿ, ಹಲಗೆ ಮೇಲೆ ಹೇರಿಕೊಂಡು ಹೋಗುವ ಗಾಡಿಯೇ ಬೇಕೆಂದು ಹೇಳಿ; ಆಟೋಮ್ಯಾಟಿಕ್ ಗಾಡಿಯನ್ನು ಚಕ್ರದ ಮೇಲೆ ಎಳೆದರೆ ಗೇರ್‌ಬಾಕ್ಸ್ ಹಾಳಾಗಬಹುದು. ಎಲೆಕ್ಟ್ರಿಕ್ ಕಾರು ಮುಳುಗಿದ್ದರೆ ಪರೀಕ್ಷೆ ಆಗುವ ತನಕ ಚಾರ್ಜಿಗೆ ಹಾಕಲೇಬಾರದು.

ಅಂಡರ್‌ಪಾಸ್‌ನಲ್ಲಿ ನೀರಿನ ಆಳ ಹೊರಗಿನಿಂದ ಗೊತ್ತಾಗುವುದಿಲ್ಲ. ಮುಂದಿನ ಗಾಡಿ ದಾಟಿತೆಂದು ಹಿಂದೆ ಹೋಗಬೇಡಿ. ಒಂದು ವೇಳೆ ಸಿಕ್ಕಿಬಿದ್ದು ನೀರು ಏರುತ್ತಿದ್ದರೆ ಫೋನಿಗಿಂತ ಮೊದಲು ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ತೆಗೆಯಿರಿ. ಬಾಗಿಲ ಹೊರಗೆ ಅರ್ಧ ಮೀಟರ್ ನೀರಿದ್ದರೆ ತಳ್ಳಬೇಕಾದ ಭಾರ ನೂರು ಕಿಲೋಗೂ ಹೆಚ್ಚು. ಬಾಗಿಲಿನ ಆಸೆ ಬಿಡಿ. ಗ್ಲಾಸ್ ಒಡೆಯುವ ಸಣ್ಣ ಸುತ್ತಿಗೆ ಸೀಟಿನ ಪಕ್ಕ ಇರಲಿ, ಡಿಕ್ಕಿಯಲ್ಲಲ್ಲ. ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು, ಮುಂದಿನ ಗಾಜು ಒಡೆಯುವುದಿಲ್ಲ.

ದೊಡ್ಡ ಮಳೆಯೇ ಬೇಕಿಲ್ಲ, ಮೊದಲ ಹನಿಗಳೇ ಸಾಕು. ತಿಂಗಳುಗಟ್ಟಲೆ ರಸ್ತೆಗೆ ಅಂಟಿದ ಎಣ್ಣೆ, ರಬ್ಬರ್, ಧೂಳು ನೆನೆದು ಜಾರುತ್ತದೆ. ಬಿಸಿಲಿಗೆ ವೈಪರ್ ರಬ್ಬರ್ ಸೀಳಿರುತ್ತದೆ, ಟೈರ್ ಗಡುಸಾಗಿರುತ್ತದೆ. ಅಕ್ಟೋಬರ್ ಕೊನೆಗೆ ಎರಡನ್ನೂ ನೋಡಿಸಿ.

ಮನೆ, ಕ್ಯಾಂಪ್, ಕೆಲಸ

ಎತ್ತರದ ಕಟ್ಟಡದಲ್ಲಿದ್ದವರಿಗೆ ನೀರು ಬರುವುದಿಲ್ಲ, ಆದರೆ ಕರೆಂಟ್ ಹೋಗುತ್ತದೆ. ಕರೆಂಟ್ ಹೋದರೆ ಪಂಪ್ ಇಲ್ಲ, ನಲ್ಲಿಯಲ್ಲಿ ನೀರಿಲ್ಲ, ಲಿಫ್ಟ್ ಇಲ್ಲ, ಬಹಳ ಮನೆಗಳಲ್ಲಿ ಒಲೆಯೂ ಇಲ್ಲ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರ್‌ನಂತೆ ಮೂರು ದಿನಕ್ಕೆ ಇಡಿ. ನಾಲ್ಕು ಜನರಿಗೆ ಸುಮಾರು ಐವತ್ತು ಲೀಟರ್. ಬಚ್ಚಲಿಗೆ ಬಕೆಟ್‌ಗಳಲ್ಲಿ ಬೇರೆ. ಬೆಂಕಿ ಬೇಡದ ತಿಂಡಿಯ ವಿಷಯದಲ್ಲಿ ನಾವು ಪುಣ್ಯವಂತರು: ತೆಳು ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ ಇದ್ದರೆ ಮೂರು ದಿನ ಕಳೆಯಬಹುದು. ಇನ್ಸುಲಿನ್ ಬಳಸುವವರು ಐಸ್ ಪ್ಯಾಕ್ ಫ್ರೀಜರ್‌ನಲ್ಲಿಟ್ಟಿರಿ.

ಬಾಲ್ಕನಿ, ತಾರಸಿಯ ನೀರು ಹೋಗುವ ತೂತನ್ನು ಎಚ್ಚರಿಕೆ ಬಂದ ದಿನವೇ ಕೈ ಹಾಕಿ ತೆಗೆಯಿರಿ. ಇಲ್ಲಿನ ತಾರಸಿ ಸಮತಟ್ಟು, ತೂತು ಒಂದೋ ಎರಡೋ; ಪಾರಿವಾಳದ ಗರಿ, ಮರಳು ಕಟ್ಟಿಕೊಂಡರೆ ತಾರಸಿಯೇ ಕೆರೆಯಾಗಿ ಎಸಿ ಪೈಪ್ ಹಾದುಬಂದ ಸಂದಿಯಿಂದ ಮನೆಯೊಳಗೆ ಇಳಿಯುತ್ತದೆ. ಲೈಟಿನ ಸುತ್ತ ಸೋರಿದರೆ ಆ ಸರ್ಕ್ಯೂಟಿನ ಸ್ವಿಚ್ಚನ್ನು ಮನೆಯ ಮೇನ್ ಸ್ವಿಚ್‌ಗಳ ಪೆಟ್ಟಿಗೆಯಲ್ಲಿ (ಡಿಬಿ ಬಾಕ್ಸ್) ಇಳಿಸಿ. ಬೇಸ್‌ಮೆಂಟ್‌ನಿಂದ ಕಾರು ಹಿಂದಿನ ರಾತ್ರಿಯೇ ಎತ್ತರಕ್ಕೆ ಸಾಗಿಸಿ. ಮಳೆ ಶುರುವಾದ ಮೇಲೆ ಕಾರು ತರಲು ಕೆಳಗೆ ಇಳಿಯಬೇಡಿ. ನಿಂತ ನೀರಿನಲ್ಲಿ ನಡೆಯಬೇಕಾಗಿ ಬಂದರೆ ಬೀದಿ ದೀಪದ ಕಂಬ, ವಿದ್ಯುತ್ ಪೆಟ್ಟಿಗೆಗಳಿಂದ ದೂರವಿರಿ. ನೀರಡಿ ಮ್ಯಾನ್‌ಹೋಲ್ ಮುಚ್ಚಳ ಎದ್ದಿರಬಹುದು.

ಕಾರ್ಮಿಕರ ವಸತಿ ಕ್ಯಾಂಪ್‌ನಲ್ಲಿರುವ ಅಣ್ಣತಮ್ಮಂದಿರು ಹಾಸಿಗೆಯ ಕೆಳಗೆ ಇಟ್ಟ ಪೆಟ್ಟಿಗೆ ಮೇಲಿನ ಬಂಕ್‌ಗೆ ಏರಿಸಿ; ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿ ಪ್ಲಾಸ್ಟಿಕ್ ಕವರಿನಲ್ಲಿ ಮೈ ಮೇಲೆ ಇರಲಿ. ನೆಲದ ಮೇಲಿನ ಎಕ್ಸ್‌ಟೆನ್ಶನ್ ಬೋರ್ಡ್ ಮೊದಲು ಕೀಳಿ. ಬೈಕ್ ಡೆಲಿವರಿ ಮಾಡುವವರು ಕೆಂಪು ಎಚ್ಚರಿಕೆಯ ದಿನ ಆರ್ಡರ್ ಆಸೆ ಬಿಡುವುದೇ ಸರಿ.

ಎಚ್ಚರಿಕೆಗೆ ಯುಎಇ ಹವಾಮಾನ ಕೇಂದ್ರದ ಎನ್‌ಸಿಎಂ ಆಪ್ ಸಾಕು: ಹಳದಿ ಅಂದರೆ ಹೊರಗೆ ಹೋಗುವವರು ಗಮನವಿಡಿ, ಕಿತ್ತಳೆ ಅಂದರೆ ಅಪಾಯ ಬರಬಹುದು, ಕೆಂಪು ಅಂದರೆ ಹೊರಡಬೇಡಿ. ವಿಮಾನವಿದ್ದರೆ ಕಂಪನಿಯ ಸಂದೇಶ ಖಚಿತವಾಗುವ ತನಕ ಮನೆ ಬಿಡಬೇಡಿ, ಒಮ್ಮೆ ನಿಲ್ದಾಣಕ್ಕೆ ಹೋಗಿ ಸಿಕ್ಕಿಕೊಂಡರೆ ಹಿಂದಿರುಗುವ ರಸ್ತೆಯೂ ಇರುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ‘ಡ್ಯಾಂ ಒಡೆಯಿತಂತೆ’ ಎಂಬುದನ್ನು ಮುಂದೆ ಕಳಿಸುವ ಚಾಳಿ ಊರಿನಲ್ಲೇ ಬಿಟ್ಟು ಬನ್ನಿ. ಯುಎಇಯಲ್ಲಿ ಸುಳ್ಳು ಸುದ್ದಿ ಹರಡಿದ್ದಕ್ಕೆ ಕನಿಷ್ಠ ಒಂದು ವರ್ಷ ಜೈಲು, ಒಂದು ಲಕ್ಷ ದಿರ್ಹಮ್ ದಂಡ. ವಿಪತ್ತಿನ ಸಮಯದಲ್ಲಿ ಎರಡೂ ಇಮ್ಮಡಿ. ಸಹಾಯಕ್ಕೆ ಯುಎಇ ಪೊಲೀಸ್ 999, ಆಂಬುಲೆನ್ಸ್ 998, ಸಿವಿಲ್ ಡಿಫೆನ್ಸ್ 997, ಒಮಾನ್‌ನಲ್ಲಿ 9999. ದುಬೈನ ಭಾರತೀಯ ದೂತಾವಾಸದ ಸಹಾಯವಾಣಿ 800 46342.

ನೀರು ಇಳಿದ ಮೇಲೆ

ಏನನ್ನೂ ಒರೆಸುವ ಮೊದಲು ಫೋಟೋ ತೆಗೆಯಿರಿ; ಕಾರಿನೊಳಗೆ, ಹೊರಗೆ ನೀರು ನಿಂತ ಗುರುತು ಕಾಣಬೇಕು. ವಿಮೆಗೆ ಪೊಲೀಸ್ ಪತ್ರ ಬೇಕಾಗುತ್ತದೆ, ದುಬೈನಲ್ಲಿ ಪೊಲೀಸ್ ಆಪ್‌ನಲ್ಲೇ ಅರ್ಜಿ ಹಾಕಬಹುದು. ಥರ್ಡ್ ಪಾರ್ಟಿ ವಿಮೆಯಿಂದ ನಿಮ್ಮ ಗಾಡಿಗೆ ಒಂದು ದಿರ್ಹಮ್ಮೂ ಬರುವುದಿಲ್ಲ. ಕಾಂಪ್ರಹೆನ್ಸಿವ್ ಇದ್ದರೂ ಪ್ರಕೃತಿ ವಿಕೋಪದ ಸಾಲು ಪಾಲಿಸಿಯಲ್ಲಿದೆಯೇ ಎಂದು ಇವತ್ತೇ ಓದಿ ನೋಡಿ. ಬೇಕೆಂದೇ ನೀರಿಗಿಳಿಸಿದ್ದು ಎಂದು ಕಂಡರೆ ಕ್ಲೇಮ್ ತಿರಸ್ಕರಿಸುತ್ತಾರೆ.

ವಿಲ್ಲಾಗಳಲ್ಲಿ ನೆಲದಡಿಯ ನೀರಿನ ಟ್ಯಾಂಕಿಗೆ ಚರಂಡಿ ನೀರು ಸೇರಿರಬಹುದು. ಖಾಲಿ ಮಾಡಿ, ತೊಳೆದು, ಕ್ಲೋರಿನ್ ಹಾಕಿಸುವ ತನಕ ಬಾಟಲಿ ನೀರೇ ಕುಡಿಯಿರಿ. ವಾರದೊಳಗೆ ಸೊಳ್ಳೆ ಬರುತ್ತದೆ. ಹೂಕುಂಡದ ತಟ್ಟೆ, ಎಸಿ ನೀರಿನ ಬಕೆಟ್ ಚೆಲ್ಲಿ.

ಇನ್ನು ಹೊಸಬರು ಹೆಚ್ಚು ಮೋಸಹೋಗುವ ಜಾಗ ಹಳೆ ಕಾರಿನ ಮಾರುಕಟ್ಟೆ. ಪ್ರತಿ ದೊಡ್ಡ ಮಳೆಯ ನಂತರ ಮುಳುಗಿದ ಕಾರುಗಳು ತೊಳೆದು ಹೊಳಪಾಗಿ ಅಗ್ಗದ ಬೆಲೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೆಸರಿನ ಗೆರೆ ಒಳಗಿನ ತುದಿಯಲ್ಲಿ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ. ಸೀಟಿನ ಕಂಬಿ, ಬೋಲ್ಟ್‌ಗಳಿಗೆ ತುಕ್ಕು ಹಿಡಿದಿದೆಯೇ, ಕಾರ್ಪೆಟ್ ಮಾತ್ರ ಅನುಮಾನ ಬರುವಷ್ಟು ಹೊಸದೇ, ಎಸಿ ಹಾಕಿದಾಗ ಮುಗ್ಗಲು ವಾಸನೆ ಬರುತ್ತದೆಯೇ ಗಮನಿಸಿ. ಮಾರುವವನು ಸುಗಂಧದ ಕಾರ್ಡ್ ಮೂರು ನಾಲ್ಕು ತೂಗುಹಾಕಿದ್ದರೆ ಎಸಿಯನ್ನು ಹತ್ತು ನಿಮಿಷ ಓಡಿಸಿ. ಹಣ ಕೊಡುವ ಮೊದಲು ಗಾಡಿ ತಪಾಸಣೆಯ ಪಾಸಿಂಗ್ ಕೇಂದ್ರದಲ್ಲಿ ಪೂರ್ಣ ಪರೀಕ್ಷೆ ಮಾಡಿಸಿ. ಬೇಡ ಎನ್ನುವ ಮಾರಾಟಗಾರನ ಕಾರು ಬೇಡ.