ಅಗ್ಗದ ಪೆಟ್ರೋಲ್ ಹುಡುಕಿ ಹೊರಡುವ ಮುನ್ನ ಲೆಕ್ಕ ಹಾಕುವುದು ಹೇಗೆ?

ಪೆಟ್ರೋಲ್ ಮತ್ತು ಡೀಸೆಲ್ ಇನ್ನೂ ಜಿಎಸ್‌ಟಿಯ ಹೊರಗಿದ್ದು, ಅವುಗಳ ಮೇಲಿನ ಮಾರಾಟ ತೆರಿಗೆಯನ್ನು ಆಯಾ ರಾಜ್ಯವೇ ನಿಗದಿಪಡಿಸುವುದರಿಂದ, ದರದಲ್ಲಿ ದೊಡ್ಡ ಅಂತರ ಕಾಣುವುದು ರಾಜ್ಯದ ಗಡಿಯಲ್ಲೇ ಹೊರತು ಊರೊಳಗಲ್ಲ. ಮಂಗಳೂರಿನೊಳಗೆ ಸರಕಾರಿ ತೈಲ ಕಂಪನಿಗಳ ಬಂಕ್‌ಗಳ ನಡುವೆ ಸಾಮಾನ್ಯವಾಗಿ ಪೈಸೆಗಳ ವ್ಯತ್ಯಾಸವಷ್ಟೇ ಇರುತ್ತದೆ; ಗಡಿಯ ತಲಪಾಡಿ ದಾಟಿ, ದರ ಹೆಚ್ಚಿರುವ ಕೇರಳ ಸೇರಿದರೆ ಆ ವ್ಯತ್ಯಾಸ ರೂಪಾಯಿಗಳಿಗೆ ಏರುತ್ತದೆ.

ಮೊದಲು ವಾಹನದ ನಿಜವಾದ ಮೈಲೇಜ್ ಗೊತ್ತಿರಬೇಕು. ಶೋರೂಮಿನಲ್ಲಿ ಹೇಳಿದ ಅಂಕಿಯನ್ನು ಪಕ್ಕಕ್ಕಿಡಿ. ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಕೆಲವು ದಿನ ಎಂದಿನಂತೆ ಓಡಿಸಿದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಸಂಜೆ ಮಂಗಳೂರಿನ ನಂತೂರು ವೃತ್ತದ ದಟ್ಟಣೆಯಲ್ಲಿ ತೆವಳುವ ಕಾರು ಉಡುಪಿ ಹೆದ್ದಾರಿಯಲ್ಲಿ ಕೊಡುವಷ್ಟು ಮೈಲೇಜ್ ಕೊಡುವುದಿಲ್ಲ.

ಬಳಿಕ ಲೀಟರಿನ ದರವನ್ನು ಮೈಲೇಜಿನಿಂದ ಭಾಗಿಸಿದರೆ ಒಂದು ಕಿಲೋಮೀಟರಿನ ಇಂಧನ ಖರ್ಚು ಸಿಗುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ದರವನ್ನು 100 ರೂಪಾಯಿ ಎಂದಿಟ್ಟುಕೊಂಡರೆ, ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ ಅದು ಸುಮಾರು 6.67 ರೂಪಾಯಿ. 50 ಪೈಸೆ ಅಗ್ಗದಲ್ಲಿ 30 ಲೀಟರ್ ಹಾಕಿಸಿದರೆ ಉಳಿಯುವುದು 15 ರೂಪಾಯಿ. ಹೋಗಿಬರುವ ಹೆಚ್ಚಿನ ದಾರಿ ಎರಡೂಕಾಲು ಕಿ.ಮೀ. ಆದರೆ ಉಳಿತಾಯ ಅಲ್ಲಿಗೇ ಚುಕ್ತಾ. ಸ್ಕೂಟರಿನವರಿಗಂತೂ ಈ ಅಲೆದಾಟವೇ ಬೇಡ: 4 ಲೀಟರಿಗೆ ಉಳಿಯುವ 2 ರೂಪಾಯಿಯಲ್ಲಿ, 45 ಕಿ.ಮೀ. ಮೈಲೇಜಿನ ಸ್ಕೂಟರ್ ಒಂದು ಕಿ.ಮೀ. ಕೂಡ ಓಡದು.

ಗಡಿಯ ಲೆಕ್ಕ ಬೇರೆ. ಅಂತರ 4 ರೂಪಾಯಿ ಇದ್ದರೆ ಅದೇ ಕಾರಿಗೆ 120 ರೂಪಾಯಿ ಉಳಿಯುತ್ತದೆ, ಅಂದರೆ ಹೋಗಿಬರಲು 18 ಕಿ.ಮೀ.ವರೆಗೆ ನಷ್ಟವಿಲ್ಲ. ಗಡಿಯಾಚೆ ಕೇರಳದ ಮಂಜೇಶ್ವರದವರಿಗೆ ಕರ್ನಾಟಕದ ಬದಿಯ ತಲಪಾಡಿಯ ಬಂಕ್ ಲಾಭವೇ. ಕಾಸರಗೋಡು ಪೇಟೆಯಿಂದ ಅದಕ್ಕೆಂದೇ ಹೊರಟರೆ ಕೈಯಿಂದಲೇ ಹೋಗುತ್ತದೆ. ಆಸ್ಪತ್ರೆಗೋ ಕಾಲೇಜಿಗೋ ಹೇಗೂ ಮಂಗಳೂರಿಗೆ ಬರುವವರಾದರೆ ಹೆಚ್ಚಿನ ದಾರಿಯೇ ಇಲ್ಲದ್ದರಿಂದ ಮರಳುವಾಗ ಹಾಕಿಸಿಕೊಳ್ಳಬಹುದು. ದಾರಿಯಲ್ಲಿ ಟೋಲ್ ಬಿದ್ದರೆ ಅದನ್ನೂ ಕಳೆಯಬೇಕು.

ಕೊನೆಯದಾಗಿ ಅಳತೆ, ನನ್ನ ಮಟ್ಟಿಗೆ ಬೋರ್ಡಿನ ದರಕ್ಕಿಂತ ಮುಖ್ಯವಾದದ್ದು. 5 ಲೀಟರಿಗೆ 100 ಮಿ.ಲೀ. ಕಡಿಮೆ ಬಿದ್ದರೆ ಲೀಟರಿಗೆ 2 ರೂಪಾಯಿ ಹೋದಂತೆ, ಅಂದರೆ 50 ಪೈಸೆ ಅಗ್ಗದ ನಾಲ್ಕು ಪಟ್ಟು. ಅನುಮಾನ ಬಂದರೆ, ಕಾನೂನು ಮಾಪನ ಇಲಾಖೆಯ ಮುದ್ರೆಯುಳ್ಳ 5 ಲೀಟರ್ ಅಳತೆಪಾತ್ರೆಯನ್ನು ತರಿಸಿ ನಿಮ್ಮೆದುರೇ ತುಂಬಿಸಿ ತೋರಿಸುವಂತೆ ಕೇಳುವ ಹಕ್ಕು ಗ್ರಾಹಕರಿಗಿದೆ.