ಜೂನಿಯರ್ ಆಗಿದ್ದುಕೊಂಡೇ ನಿಮ್ಮ ಮಾತಿಗೆ ತೂಕ ತರುವುದು ಹೇಗೆ

ಸೇರಿ ವರ್ಷಗಳಾಗಿವೆ, ಕೆಲಸವೆಲ್ಲ ಗೊತ್ತು, ಆದರೂ ಮೀಟಿಂಗಿನಲ್ಲಿ ನೀವು ಬಾಯಿ ಬಿಟ್ಟರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದೇ ಮಾತನ್ನು ಸೀನಿಯರ್ ಒಬ್ಬರು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಮೈ ಉರಿಯುತ್ತದೆ, ಅಲ್ವಾ? ಇಂಥ ಕಡೆ ಸಿಕ್ಕಿಹಾಕಿಕೊಂಡವರು ಸಾಮಾನ್ಯವಾಗಿ ಬಡ್ತಿಗೆ ಕಾಯುತ್ತಾರೆ, ಹುದ್ದೆ ಬರಲಿ, ಆಮೇಲೆ ಧೈರ್ಯ ತಾನಾಗಿ ಬರುತ್ತದೆ ಅಂತ. ನಡೆಯುವುದು ಹೆಚ್ಚಾಗಿ ಉಲ್ಟಾ. ಯಾರ ಮಾತು ಆಗಲೇ ನಡೆಯುತ್ತಿದೆಯೋ ಅವರಿಗೆ ಹುದ್ದೆ ಸಿಗುತ್ತದೆ.

ಜಾನ್ ಫ್ರೆಂಚ್ ಮತ್ತು ಬರ್ಟ್ರಾಮ್ ರೇವನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1959ರಲ್ಲೇ ಅಧಿಕಾರವನ್ನು ಐದು ಬಗೆಯಾಗಿ ವಿಂಗಡಿಸಿದ್ದರು. ಹುದ್ದೆಯಿಂದ ಬರುವುದು, ಏನಾದರೂ ಕೊಡುವ ಶಕ್ತಿಯಿಂದ ಬರುವುದು, ಶಿಕ್ಷಿಸುವ ಶಕ್ತಿಯಿಂದ ಬರುವುದು, ವಿಷಯ ಗೊತ್ತಿರುವುದರಿಂದ ಬರುವುದು, ಜನ ನಿಮ್ಮನ್ನು ಮೆಚ್ಚುವುದರಿಂದ ಬರುವುದು. ಮೊದಲ ಮೂರು ಕುರ್ಚಿಯ ಜೊತೆ ಬರುತ್ತವೆ. ಅವು ಸದ್ಯಕ್ಕೆ ನಿಮ್ಮ ಕೈಲಿಲ್ಲ, ಬಿಟ್ಟುಬಿಡಿ. ಉಳಿದ ಎರಡಕ್ಕೆ ಯಾರ ಸಹಿಯೂ ಬೇಕಿಲ್ಲ. ಅದರಲ್ಲೂ ನಾನು ಜಾಸ್ತಿ ನಂಬುವುದು ನಾಲ್ಕನೆಯದನ್ನು.

ಒಂದು ವಿಷಯ ಪೂರ್ತಿ ನಿಮ್ಮದಾಗಲಿ

ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಗೊತ್ತಿರುವ ಜೂನಿಯರ್‌ಗಳು ಬೇಕಾದಷ್ಟು ಇರುತ್ತಾರೆ. ಒಂದು ವಿಷಯವನ್ನು ತಳ ಮುಟ್ಟಿ ನೋಡಿದವರು ಕಡಿಮೆ. ನಿಮ್ಮ ಆಫೀಸಿನಲ್ಲಿ ಯಾರಿಗೂ ಸೇರದ, ಆದರೆ ಎಲ್ಲರಿಗೂ ಬೇಕಾದ ಒಂದು ಕೆಲಸ ಇದ್ದೇ ಇರುತ್ತದೆ. ತಿಂಗಳ ಕೊನೆಯಲ್ಲಿ ಯಾವಾಗಲೂ ತಾಳೆಯಾಗದ ರಿಪೋರ್ಟ್ ಇರಬಹುದು, ಬರೆದವರೇ ಬಿಟ್ಟುಹೋದ ಹಳೆಯ ಸಾಫ್ಟ್‌ವೇರ್ ಇರಬಹುದು, ಮತ್ತೆ ಮತ್ತೆ ಬರುವ ಒಂದೇ ಥರದ ಗ್ರಾಹಕರ ದೂರು ಇರಬಹುದು. ಆರಿಸುವಾಗ ಇಷ್ಟು ನೋಡಿ: ಅದರ ಬಗ್ಗೆ ಜನ ಪದೇ ಪದೇ ಕೇಳುತ್ತಾರಾ, ಅದು ಕೆಟ್ಟರೆ ಮೇಲಿನವರಿಗೆ ತಲೆನೋವಾ, ಸೀನಿಯರ್‌ಗಳು ಅದರಿಂದ ದೂರ ಓಡುತ್ತಾರಾ. ಮೂರಕ್ಕೂ ಹೌದು ಅಂದರೆ ಹಿಡಿದುಕೊಳ್ಳಿ. ಹಳೆಯ ಮೇಲ್‌ಗಳನ್ನು ಓದಿ, ಮೊದಲು ಅದನ್ನು ಮಾಡುತ್ತಿದ್ದವರನ್ನು ಮಾತನಾಡಿಸಿ, ಎಲ್ಲಿ ಯಾಕೆ ಕೆಡುತ್ತದೆ ಅಂತ ಎರಡು ಪುಟ ಬರೆದು ಟೀಮಿಗೆ ಹಂಚಿ. ಗುಟ್ಟಾಗಿಟ್ಟುಕೊಂಡರೆ ಬೆಲೆ ಹೆಚ್ಚುತ್ತದೆ ಅಂದುಕೊಳ್ಳುವವರಿದ್ದಾರೆ. ಹಾಗೆ ಮಾಡಿದವರನ್ನು ಆ ಕೆಲಸದಿಂದ ಮೇಲೆ ಬರಲು ಯಾರೂ ಬಿಡುವುದಿಲ್ಲ, ಅವರು ಹೋದರೆ ಮಾಡುವವರಿಲ್ಲವಲ್ಲ!

ಇಲ್ಲಿ ಒಂದು ಎಚ್ಚರಿಕೆ. ರೂಮ್ ಬುಕ್ ಮಾಡುವುದು, ಬೀಳ್ಕೊಡುಗೆಗೆ ಹಣ ಸೇರಿಸುವುದು, ಎಲ್ಲರ ಫೈಲ್ ಜೋಡಿಸುವುದು, ಇವೂ ಯಾರಿಗೂ ಸೇರದ ಕೆಲಸಗಳೇ. ಇವು ನಿಮ್ಮನ್ನು ಒಳ್ಳೆಯವರನ್ನಾಗಿ ಮಾಡುತ್ತವೆ, ಅಷ್ಟೇ. ಬಡ್ತಿಗೆ ಲೆಕ್ಕಕ್ಕೆ ಬಾರದ ಇಂಥ ಕೆಲಸಗಳ ಬಗ್ಗೆ ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಇವನ್ನು ಮಾಡಿಕೊಡಿ ಅಂತ ಹೆಂಗಸರನ್ನೇ ಹೆಚ್ಚು ಕೇಳುತ್ತಾರೆ, ಅವರು ಒಪ್ಪಿಕೊಳ್ಳುವುದೂ ಹೆಚ್ಚು ಅಂತ ಅದರಲ್ಲಿ ಕಂಡುಬಂತು. ಹಾಗಾಗಿ, "ಈ ಸಲ ನಾನು ಮಾಡ್ತೀನಿ, ಮುಂದಿನ ಸಲದಿಂದ ಸರದಿ ಮಾಡೋಣ" ಅಂತ ಮೊದಲ ದಿನವೇ ಹೇಳಿಬಿಡಿ.

ಧೈರ್ಯದ ವಿಷಯ

ಸೊಂಟದ ಮೇಲೆ ಕೈಯಿಟ್ಟು ಕನ್ನಡಿ ಮುಂದೆ ಎರಡು ನಿಮಿಷ ನಿಲ್ಲಿ, ಧೈರ್ಯ ಬರುತ್ತದೆ ಅನ್ನುವ ಸಲಹೆ ನೀವೂ ಕೇಳಿರುತ್ತೀರಿ. ಅದು 2010ರ ಒಂದು ಚಿಕ್ಕ ಅಧ್ಯಯನದಿಂದ ಹಬ್ಬಿದ್ದು. 2015ರಲ್ಲಿ ಇನ್ನೂ ಹೆಚ್ಚು ಜನರ ಮೇಲೆ ಮಾಡಿ ನೋಡಿದಾಗ ಹಾರ್ಮೋನಿನಲ್ಲೂ ಬದಲಾವಣೆ ಕಾಣಲಿಲ್ಲ, ನಡವಳಿಕೆಯಲ್ಲೂ ಕಾಣಲಿಲ್ಲ. ಮೊದಲ ಅಧ್ಯಯನ ಮಾಡಿದವರಲ್ಲಿ ಒಬ್ಬರಾದ ಡೇನಾ ಕಾರ್ನಿ ಅವರೇ ಮರುವರ್ಷ, ಇದರಲ್ಲಿ ನನಗೆ ನಂಬಿಕೆ ಉಳಿದಿಲ್ಲ ಅಂತ ಬಹಿರಂಗವಾಗಿ ಹೇಳಿದರು. ಸುಮ್ನೆ ಯಾಕೆ ಕನ್ನಡಿ ಮುಂದೆ ಹೊತ್ತು ಕಳೆಯುವುದು?

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಹೇಳಿದ್ದು ಇದಕ್ಕಿಂತ ನೀರಸ, ಆದರೆ ಗಟ್ಟಿ. 'ನನ್ನಿಂದ ಆಗುತ್ತದೆ' ಅನ್ನುವ ನಂಬಿಕೆ ಎಲ್ಲಕ್ಕಿಂತ ಹೆಚ್ಚಾಗಿ ಹುಟ್ಟುವುದು ನಾವೇ ಮಾಡಿ ಮುಗಿಸಿದ ಕೆಲಸದಿಂದ. ತೊಂದರೆ ಏನೆಂದರೆ ಮುಗಿಸಿದ್ದು ನಮಗೆ ನೆನಪಿರುವುದಿಲ್ಲ, ಬೈಸಿಕೊಂಡಿದ್ದು ಮಾತ್ರ ನೆನಪಿರುತ್ತದೆ. ಅದಕ್ಕೇ ಒಂದು ಫೈಲ್ ಇಡಿ. ವಾರಕ್ಕೊಮ್ಮೆ ಮೂರು ಸಾಲು: ಏನು ಮಾಡಿದೆ, ಅದರಿಂದ ಏನು ಬದಲಾಯಿತು, ಯಾರು ಏನಂದರು. 'ರಿಪೋರ್ಟ್ ಸರಿಮಾಡಿದೆ' ಅಂತ ಬರೆಯಬೇಡಿ, 'ಎರಡು ದಿನ ಹಿಡಿಯುತ್ತಿದ್ದ ರಿಪೋರ್ಟ್ ಈಗ ಅರ್ಧ ದಿನಕ್ಕೆ ಮುಗಿಯುತ್ತಿದೆ' ಅಂತ ಬರೆಯಿರಿ. ಅಪ್ರೈಸಲ್ ಬಂದಾಗ ಇದೇ ಕೈಗೆ ಬರುತ್ತದೆ.

ಬಾಯಿ ಬಿಡುವುದು

"ಸರ್, ಇದನ್ನು ಏನು ಮಾಡಲಿ?" ಅಂತ ಕೇಳುವುದನ್ನು ಕಡಿಮೆ ಮಾಡಿ. ಅದರ ಬದಲು, "ಇದಕ್ಕೆ ಎರಡು ದಾರಿ ಇದೆ. ಮೊದಲನೆಯದೇ ವಾಸಿ ಅನ್ನಿಸುತ್ತೆ, ಯಾಕಂದರೆ ಮುಂದಿನ ತಿಂಗಳು ಮತ್ತೆ ಮಾಡೋದು ತಪ್ಪುತ್ತೆ. ನೀವು ಬೇಡ ಅನ್ನದಿದ್ದರೆ ನಾಳೆ ಶುರು ಮಾಡ್ತೀನಿ" ಅನ್ನಿ. ಒಪ್ಪಿಗೆ ಕೊಡುವವರು ಅವರೇ, ಆದರೆ ಯೋಚನೆ ನಿಮ್ಮದು. ನಾಲ್ಕಾರು ಸಲ ಹೀಗಾದರೆ, ಕೇಳುವ ಮೊದಲೇ "ನಿಮಗೇನನ್ನಿಸುತ್ತೆ?" ಅಂತ ಅವರೇ ಕೇಳುತ್ತಾರೆ. ಆದರೆ ಇದನ್ನು ವಾಪಸ್ ತೆಗೆದುಕೊಳ್ಳಬಹುದಾದ ವಿಷಯಗಳಿಗೆ ಮಾತ್ರ ಇಟ್ಟುಕೊಳ್ಳಿ. ಹಣ ಕೊಡುವುದು, ಗ್ರಾಹಕರಿಗೆ ಮಾತು ಕೊಡುವುದು, ಡೇಟಾ ಅಳಿಸುವುದು, ಇವಕ್ಕೆಲ್ಲ ಬಾಯಿಬಿಟ್ಟು 'ಮಾಡಿ' ಅನ್ನುವವರೆಗೆ ಕಾಯಿರಿ.

"ನನಗೆ ಅಷ್ಟೊಂದು ಗೊತ್ತಿಲ್ಲ, ತಪ್ಪಿದ್ದರೆ ಕ್ಷಮಿಸಿ, ಆದರೂ..." ಅನ್ನುವ ಪೀಠಿಕೆ ಬಿಡಿ. ನಿಜವಾಗಿ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಸಂಜೆಯೊಳಗೆ ನೋಡಿ ಹೇಳ್ತೀನಿ" ಅನ್ನಿ, ಸಂಜೆಯೊಳಗೆ ಹೇಳಿ. ಸಂಜೆ ಹೇಳುವುದನ್ನು ಮರೆತರೆ ಬೆಳಿಗ್ಗೆ ಹೇಳಿದ್ದಕ್ಕೆ ಬೆಲೆಯಿಲ್ಲ.

ಸೀನಿಯರ್ ತಪ್ಪು ಮಾಡುತ್ತಿದ್ದಾರೆ ಅನ್ನಿಸಿದಾಗ ಹೇಗೆ ಹೇಳುವುದು ಅನ್ನುವುದೇ ಕಷ್ಟದ ಭಾಗ. ಇದನ್ನು ವಿಮಾನಯಾನದವರು ದೊಡ್ಡ ಬೆಲೆ ತೆತ್ತು ಕಲಿತರು. 1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರಿಫ್ ದ್ವೀಪದಲ್ಲಿ, ಮಂಜು ಮುಸುಕಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಹಾರಲು ಹೊರಟಿದ್ದ ವಿಮಾನದ ಫ್ಲೈಟ್ ಇಂಜಿನಿಯರ್‌ಗೆ ಅನುಮಾನ ಬಂದಿತ್ತು. ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವೇ ಅಂತ ಅವರು ಕೇಳಿಯೂ ಕೇಳಿದರು. ತುಂಬಾ ಹಿರಿಯರಾಗಿದ್ದ ಕ್ಯಾಪ್ಟನ್, ಬಿಟ್ಟಿದೆ ಅಂದುಬಿಟ್ಟರು. ಅನುಮಾನ ಪ್ರಶ್ನೆಯಾಗಿಯೇ ಉಳಿಯಿತು. ಇಂಥ ಅಪಘಾತಗಳ ನಂತರ, ಕಿರಿಯರು ಮೆಟ್ಟಿಲು ಮೆಟ್ಟಿಲಾಗಿ ದನಿ ಏರಿಸುವುದನ್ನು ಕಾಕ್‌ಪಿಟ್ ತರಬೇತಿಯಲ್ಲೇ ಸೇರಿಸಿದರು.

ಆ ಮೆಟ್ಟಿಲುಗಳು ಯಾವ ಕೆಲಸಕ್ಕೂ ಹೊಂದುತ್ತವೆ. ಮೊದಲು ಪ್ರಶ್ನೆ: "ಈ ಅಂಕಿ ಹೋದ ತಿಂಗಳದ್ದಾ, ಈ ತಿಂಗಳದ್ದಾ?" ಉತ್ತರ ಸಮಾಧಾನ ತರದಿದ್ದರೆ ಅನುಮಾನವನ್ನು ನೇರವಾಗಿ ಹೇಳಿ: "ಇದು ಹಳೆಯ ಅಂಕಿ ಅಂತ ಕಾಣುತ್ತೆ, ಹೀಗೇ ಕಳಿಸಿದರೆ ಬಿಲ್ ತಪ್ಪಾಗುತ್ತೆ." ಆಗಲೂ ಕೇಳದಿದ್ದರೆ: "ಕಳಿಸೋ ಮೊದಲು ಹತ್ತು ನಿಮಿಷ ಕೊಡಿ, ನಾನು ತಾಳೆ ನೋಡ್ತೀನಿ." ಅದಕ್ಕೂ ಒಪ್ಪದೆ, ವಿಷಯ ನಿಜವಾಗಿ ದೊಡ್ಡದಾಗಿದ್ದರೆ, ಮೇಲಿನವರಿಗೆ ಹೇಳುತ್ತೇನೆ ಅಂತ ಅವರಿಗೇ ತಿಳಿಸಿ ಮೇಲಿನವರಿಗೆ ಹೇಳಿ. ಕೊನೆಯ ಮೆಟ್ಟಿಲು ಅಪರೂಪಕ್ಕೆ. ಹೆಚ್ಚಿನ ವಿಷಯ ಎರಡನೆಯದರಲ್ಲೇ ಮುಗಿಯುತ್ತದೆ, ಅದೂ ಗುಂಪಿನ ಎದುರು ಅಲ್ಲದೆ ಪಕ್ಕದಲ್ಲಿ ಹೇಳಿದರೆ ಇನ್ನೂ ಬೇಗ.

ನಿಮ್ಮ ಐಡಿಯಾ ಬೇರೆಯವರ ಹೆಸರಿಗೆ ಹೋಗುತ್ತಿದ್ದರೆ ಮೀಟಿಂಗಿಗೆ ಮೊದಲೇ ನಾಲ್ಕು ಸಾಲಿನ ಮೇಲ್ ಕಳಿಸಿಡಿ. ಜಗಳವೇ ಬೇಕಾಗುವುದಿಲ್ಲ.

ಇಷ್ಟೆಲ್ಲ ಒಂದು ಹಂತಕ್ಕೆ ಬಂದ ಮೇಲೆ ಹುದ್ದೆಯನ್ನು ಬಾಯಿಬಿಟ್ಟು ಕೇಳಿ. ಕೆಲಸ ನೋಡಿ ತಾವಾಗಿ ಕೊಡುತ್ತಾರೆ ಅನ್ನುವುದನ್ನು ನಾನು ನಂಬುವುದಿಲ್ಲ. "ಮುಂದಿನ ಹಂತಕ್ಕೆ ನನ್ನಲ್ಲಿ ಇನ್ನೂ ಏನು ಕಾಣಬೇಕು?" ಅಂತ ಮ್ಯಾನೇಜರನ್ನು ಕೇಳಿ, ಅವರು ಹೇಳಿದ್ದನ್ನು ಅದೇ ದಿನ ಮೇಲ್‌ನಲ್ಲಿ ಬರೆದು ಅವರಿಗೇ ಕಳಿಸಿ, ಆರು ತಿಂಗಳ ನಂತರ ಅದೇ ಮೇಲ್ ಮತ್ತು ನಿಮ್ಮ ಫೈಲ್ ಎರಡನ್ನೂ ಎದುರಿಗಿಟ್ಟು ಕೂತು ಮಾತನಾಡಿ. ಎರಡನೇ ಸಲವೂ "ನೋಡೋಣ, ಟೈಮ್ ಬರಲಿ" ಅನ್ನುವ ಉತ್ತರವೇ ಬಂದರೆ, ಆ ಫೈಲಿನಿಂದಲೇ ರೆಸ್ಯೂಮೆ ಬರೆದು ಬೇರೆ ಕಡೆ ಅರ್ಜಿ ಹಾಕಲು ಶುರು ಮಾಡಿ.