ಡ್ಯೂಟಿಯಿಂದ ಕ್ಲಾಸಿಗೆ: ಪೋಸ್ಟ್ ಬೇಸಿಕ್‌ಗೆ ನಾನು ತಯಾರಾದ ಬಗೆ

ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲೇ ಐಸಿಯು ಡ್ಯೂಟಿ ಮಾಡಿಕೊಂಡಿದ್ದವಳು ನಾನು. ಆಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಿದೆ. ಅಮೆರಿಕದಲ್ಲಿ ಬೇರೆ ಡಿಗ್ರಿ ಆದವರು 12ರಿಂದ 18 ತಿಂಗಳಲ್ಲಿ ನರ್ಸಿಂಗ್ ಡಿಗ್ರಿ ಮುಗಿಸುವ ಕೋರ್ಸ್‌ಗಳಿವೆ. ನಮ್ಮಲ್ಲಿ ಆ ದಾರಿ ಇಲ್ಲ. ಬೇರೆ ಡಿಗ್ರಿ ಆಗಿದ್ದವರಿಗೂ ಬಿ.ಎಸ್ಸಿ. ನರ್ಸಿಂಗ್ ಅಂದರೆ ಪೂರ್ತಿ 4 ವರ್ಷ. ಬೇಗ ಮುಗಿಯುವ ಡಿಗ್ರಿ ಅಂತ ಇರೋದು ನಮ್ಮಂಥ ಡಿಪ್ಲೊಮಾದವರಿಗೆ, ಈ 2 ವರ್ಷದ ಕೋರ್ಸ್.

ಎರಡೇ ವರ್ಷ ಅಲ್ವಾ, ಕೆಲಸ ಹೇಗೂ ಗೊತ್ತು ಅನ್ನುವವರೇ ಜಾಸ್ತಿ. ಮೊದಲ ವರ್ಷದ ಸಿಲಬಸ್ ತೆಗೆದು ನೋಡಿ. ಮೆಡಿಕಲ್ ಸರ್ಜಿಕಲ್, ಮಕ್ಕಳ ನರ್ಸಿಂಗ್, ಹೆರಿಗೆ ವಿಭಾಗ ಬಿಡಿ, ಅವು ನಮ್ಮವೇ. ಜೊತೆಗೆ ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಬಯೋಫಿಸಿಕ್ಸ್, ನ್ಯೂಟ್ರಿಷನ್, ಸೈಕಾಲಜಿ ಎಲ್ಲ ಒಂದೇ ವರ್ಷಕ್ಕೆ ಬಂದು ಕೂರುತ್ತವೆ. ಕ್ಲಾಸ್ ಶುರುವಾದ ಮೇಲೆ ಓದಿದರಾಯ್ತು ಅಂದುಕೊಂಡರೆ ಉಸಿರಾಡಲೂ ಪುರುಸೊತ್ತಿರಲ್ಲ.

ನಮಗೆ ಕಷ್ಟ ಆಗೋದು ಕೆಲಸ ಅಲ್ಲ, ಬರೆಯೋದು. ಇದು ನನಗೆ ಗೊತ್ತಾಗಿದ್ದು ಒಂದು ನೈಟ್ ಡ್ಯೂಟಿಯಲ್ಲಿ. ಹಾರ್ಟ್ ಫೇಲ್ಯೂರ್ ರೋಗಿ, ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ಔಷಧಿ ನಡೀತಾ ಇತ್ತು. ರಿಪೋರ್ಟ್‌ನಲ್ಲಿ ಪೊಟ್ಯಾಸಿಯಂ 2.9 ಬಂತು, ಅಂದರೆ ಕಡಿಮೆ. ಡಾಕ್ಟರಿಗೆ ಫೋನ್ ಮಾಡಿದ್ದು, ಮಾನಿಟರ್ ನೋಡಿದ್ದು, ಹೇಳಿದಷ್ಟು ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಸಲೈನ್‌ಗೆ ಸೇರಿಸಿ ಪಂಪ್‌ನಲ್ಲಿ ನಿಧಾನಕ್ಕೆ ಬಿಟ್ಟಿದ್ದು, ಎಲ್ಲ ಸರಾಗವಾಗಿ ಆಯಿತು. ಬೆಳಗಿನ ಜಾವ ಕೂತು, ಇದನ್ನೇ 10 ಅಂಕದ ಉತ್ತರ ಮಾಡಿ ಬರೆದರೆ ಹೇಗೆ ಅಂತ ಪೆನ್ನು ಹಿಡಿದೆ. ನಾಲ್ಕು ಸಾಲಿಗೇ ನಿಂತುಹೋಯಿತು! ಫ್ಯೂರೋಸಮೈಡ್ ಮೂತ್ರದ ಜೊತೆ ಪೊಟ್ಯಾಸಿಯಂ ಅನ್ನೂ ಹೊರಗೆ ಹಾಕುತ್ತದೆ. ಅದು ಇಳಿದರೆ ಇಸಿಜಿಯಲ್ಲಿ ಟಿ ವೇವ್ ಚಪ್ಪಟೆಯಾಗುತ್ತೆ, ಯು ವೇವ್ ಕಾಣಿಸುತ್ತೆ. ಹೃದಯದ ಔಷಧಿ ಡಿಜಾಕ್ಸಿನ್ ತಗೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಕೆಸಿಎಲ್ ಅನ್ನು ಸಿರಿಂಜ್‌ನಿಂದ ನೇರವಾಗಿ ರಕ್ತನಾಳಕ್ಕೆ ಪುಷ್ ಮಾಡಿದರೆ ಹೃದಯವೇ ನಿಲ್ಲಬಹುದು. ಒಂದೊಂದೂ ತಲೆಯಲ್ಲಿತ್ತು, ಸಾಲಾಗಿ ಹಾಳೆಗೆ ಇಳಿಯಲಿಲ್ಲ ಅಷ್ಟೆ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಮುಂದಿನ ಶಿಫ್ಟ್‌ನವರಿಗೆ ಹ್ಯಾಂಡೋವರ್ ಮುಗಿದ ಮೇಲೆ ಒಬ್ಬ ರೋಗಿಯ ಬಗ್ಗೆ ಬರೆಯುವುದು. ಹೆಸರಾಗಲಿ ಆಸ್ಪತ್ರೆಯ ಐಪಿ (ಒಳರೋಗಿ) ನಂಬರಾಗಲಿ ಹಾಕುತ್ತಿರಲಿಲ್ಲ. ಕಾಯಿಲೆ, ಕಾರಣ, ಔಷಧಿ, ನರ್ಸ್ ಏನು ನೋಡಬೇಕು, ಯಾಕೆ ನೋಡಬೇಕು, ಇಷ್ಟೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹಳೇ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿ ಪಕ್ಕಕ್ಕಿಟ್ಟುಕೊಂಡೆ. 10 ಅಂಕಕ್ಕೆ ಎಷ್ಟು, 5ಕ್ಕೆ ಎಷ್ಟು, 2ಕ್ಕೆ ಎಷ್ಟು ಬರೆಯಬೇಕು ಅನ್ನೋ ಅಂದಾಜು ಬಂದಿದ್ದು ಅದರಿಂದಲೇ. ಲೆಕ್ಕವನ್ನೂ ಕೈಯಲ್ಲೇ ಮಾಡತೊಡಗಿದೆ. ಪಂಪ್ ಇರುವ ಕಡೆ ಡ್ರಿಪ್ ಲೆಕ್ಕ ಮರೆತೇ ಹೋಗಿರುತ್ತೆ. 500 ಎಂಎಲ್ ಅನ್ನು 4 ಗಂಟೆಯಲ್ಲಿ, ಎಂಎಲ್‌ಗೆ 20 ಹನಿಯ ಸೆಟ್‌ನಲ್ಲಿ ಹಾಕಬೇಕಾದರೆ? 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಸಣ್ಣ ಹನಿಯ ಮೈಕ್ರೋ ಸೆಟ್ ಆದರೆ ಎಂಎಲ್‌ಗೆ 60 ಹನಿ. ಪುಸ್ತಕಕ್ಕೆ ಹೆಚ್ಚು ದುಡ್ಡು ಹಾಕಲಿಲ್ಲ. ಅನಾಟಮಿ, ನ್ಯೂಟ್ರಿಷನ್ ಪುಸ್ತಕಗಳು ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಯವೇ ಸಾಕು. ಫಾರ್ಮಕಾಲಜಿ ಮಾತ್ರ ಹೊಸ ಎಡಿಷನ್ ಇರಲಿ.

ಕಾಗದಪತ್ರದ ಕೆಲಸವನ್ನು ಆದಷ್ಟು ಬೇಗ ಶುರು ಮಾಡಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಜಿಎನ್‌ಎಂ ಅಂಕಪಟ್ಟಿ, ಟಿಸಿ, ನರ್ಸಿಂಗ್ ಕೌನ್ಸಿಲ್ ನೋಂದಣಿ, ಎಲ್ಲದರ ಒರಿಜಿನಲ್ ಕೈಯಲ್ಲಿರಬೇಕು. ನಾನು ಹಿಂದೆ ಇದ್ದ ಒಂದು ಆಸ್ಪತ್ರೆಯವರು ಒರಿಜಿನಲ್ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಕೇಳಿದಾಗೆಲ್ಲ ನಾಳೆ ಬಾ, ನಾಡಿದ್ದು ಬಾ. ಲಿಖಿತವಾಗಿ ಅರ್ಜಿ ಕೊಟ್ಟು, ನನ್ನ ಕಾಪಿ ಮೇಲೆ ಸೀಲ್ ಹಾಕಿಸಿಕೊಂಡ ಮೇಲೆ ಬೇಗ ಸಿಕ್ಕಿತು. ಬಾಯಿ ಮಾತಿನಲ್ಲಿ ಕೇಳಿಕೊಂಡು ಕೂತರೆ ಆಗಲ್ಲ. ಹೆಪಟೈಟಿಸ್ ಬಿ ಲಸಿಕೆಯ ದಾಖಲೆ ಇದೆಯಾ ನೋಡಿ. ಮೂರು ಡೋಸ್ 0, 1, 6 ತಿಂಗಳಿಗೆ ಬೀಳುವುದರಿಂದ ಕೊನೆ ಗಳಿಗೆಯಲ್ಲಿ ಮುಗಿಸಲು ಬರುವುದಿಲ್ಲ.

ಏಜೆಂಟರು ಫೋನ್ ಮಾಡುತ್ತಾರೆ. ಕ್ಲಾಸಿಗೆ ಬರೋದೇ ಬೇಡ ಸಿಸ್ಟರ್, ಎಕ್ಸಾಮ್‌ಗೆ ಬಂದರೆ ಸಾಕು ಅಂತಾರೆ. ಅಂಥ ಕಡೆ ತಲೆ ಹಾಕಬೇಡಿ. ಎಕ್ಸಾಮ್‌ಗೆ ಕೂರಬೇಕಾದರೆ ಥಿಯರಿಗೂ ಪ್ರಾಕ್ಟಿಕಲ್‌ಗೂ 80% ಹಾಜರಿ ಬೇಕು. ಡಿಗ್ರಿ ಕೈಗೆ ಬರಬೇಕಾದರೆ ಪ್ರಾಕ್ಟಿಕಲ್ 100% ಮುಗಿದಿರಬೇಕು. ಕಾಲೇಜಿಗೆ ಮಾನ್ಯತೆ ಇದೆಯಾ ಅಂತ ನೋಡುವುದರ ಜೊತೆ, ಅಲ್ಲಿ ಓದುತ್ತಿರುವವರನ್ನು ಕ್ಲಿನಿಕಲ್ಸ್, ಅಂದರೆ ವಾರ್ಡ್ ತರಬೇತಿ, ಯಾವ ಆಸ್ಪತ್ರೆಯಲ್ಲಿ ಅಂತ ಕೇಳಿ. ಮನೆ ಒಂದು ದಿಕ್ಕು, ಕಾಲೇಜು ಒಂದು ದಿಕ್ಕು, ಆಸ್ಪತ್ರೆ ಇನ್ನೊಂದು ದಿಕ್ಕು ಆದರೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೇ ಅರ್ಧ ಆಯಸ್ಸು ಮುಗಿಯುತ್ತೆ. ನಾನು ಮೆಟ್ರೋಗೆ ಹತ್ತಿರ ಇರುವ ಕಾಲೇಜನ್ನೇ ಹುಡುಕಿದೆ.

ಮನೆಯಲ್ಲಿ ಅತ್ತೆ, ಸಂಬಳ ಬರೋ ಕೆಲಸ ಬಿಟ್ಟು ಈ ವಯಸ್ಸಲ್ಲಿ ಏನಮ್ಮಾ ಓದೋದು ಅಂದರು. ವಾದಕ್ಕೆ ಹೋಗಲಿಲ್ಲ. ಫೀಸು, ಮನೆ ಬಾಡಿಗೆ, ಮಗಳ ಸ್ಕೂಲ್ ವ್ಯಾನು ಯಾವ ಯಾವ ತಿಂಗಳು ಎಲ್ಲಿಂದ ಬರುತ್ತೆ ಅಂತ ನಾನೂ ನಮ್ಮೆಜಮಾನರೂ ಹಾಳೆ ಮೇಲೆ ಬರೆದು ತೋರಿಸಿದೆವು. ಚಿನ್ನದ ಚೀಟಿ ನಿಲ್ಲಿಸಿದ್ದು ಅತ್ತೆಗೆ ಬೇಜಾರಾಯಿತು. ಬೆಳಿಗ್ಗೆ ಮಗಳನ್ನು ರೆಡಿ ಮಾಡುವ ಜವಾಬ್ದಾರಿಯನ್ನು ಮಾತ್ರ ತಾವೇ ಕೇಳಿ ವಹಿಸಿಕೊಂಡರು.

ಮೈ ನೈಟ್ ಡ್ಯೂಟಿಗೆ ಒಗ್ಗಿಹೋಗಿದ್ದರೆ ಬೆಳಗಿನ ಕ್ಲಾಸಲ್ಲಿ ತೂಕಡಿಕೆ ಖಂಡಿತ. ಇನ್‌ಚಾರ್ಜ್ ಸಿಸ್ಟರ್‌ಗೆ ಮೊದಲೇ ಹೇಳಿ, ಕೊನೆಯ ವಾರಗಳಲ್ಲಿ ಮಾರ್ನಿಂಗ್ ಡ್ಯೂಟಿಯನ್ನೇ ಹಾಕಿಸಿಕೊಂಡೆ. ರಿಸರ್ಚ್, ಸ್ಟಾಟಿಸ್ಟಿಕ್ಸ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ, ಅವು ಎರಡನೇ ವರ್ಷಕ್ಕೆ. ಯೂನಿಫಾರ್ಮ್ ಬಟ್ಟೆಯನ್ನೂ ಕಾಲೇಜಿನವರು ಬಣ್ಣ ಹೇಳುವವರೆಗೆ ತಗೋಬೇಡಿ. ಸೆಕೆಂಡ್ ಮುಳ್ಳಿರುವ ವಾಚು, ದಿನವಿಡೀ ನಿಂತರೂ ಕಾಲು ನೋಯದ ಶೂ, ಇವೆರಡನ್ನು ಬೇಕಾದರೆ ಈಗಲೇ ಕೊಳ್ಳಿ.